ಅತ್ತೆಯ ಎದುರು ತೆರೆಯದ ಬಾಯಿ

ಕುದಿಯುವ ಬೆಲ್ಲ ನನ್ನ ಸೊಸೆಯ ಬಾಯಿಯನ್ನು ಅರ್ಧ ಮುಚ್ಚಿತು. ಉಳಿದರ್ಧ ಮುಚ್ಚಿದವಳು ನಾನು. ಊರವರು ಹಣೆಬರಹ ಎನ್ನುತ್ತಾರೆ. ಸುಳ್ಳು.

ಹೋದ ವರ್ಷದ ಕಬ್ಬಿನ ಸುಗ್ಗಿ. ಅಂಕಲಿಯ ನಮ್ಮ ಗಾಣದಲ್ಲಿ ಬೆಲ್ಲದ ಪಾಕ ಸಿಡಿದು ಪದ್ಮಾಳ ತುಟಿ, ಗದ್ದ, ಕುತ್ತಿಗೆಗೆ ಅಂಟಿಕೊಂಡಿತು. ಜೀವ ಉಳಿಯಿತು. ಆಸ್ಪತ್ರೆಯಿಂದ ಬಿಡುವಾಗ ವ್ಯಾಯಾಮ ಕಲಿಸುವ ಡಾಕ್ಟರ್‌ಬಾಯಿ ಒತ್ತಿ ಹೇಳಿದ್ದರು: ದಿನಕ್ಕೆ ಹತ್ತಾರು ಸಲ ಬಾಯಿ ಅಗಲಿಸಬೇಕು, ಮುಖ ಮೇಲೆತ್ತಿ ಸೂರು ನೋಡಬೇಕು, ತಲೆಗೆ ದಿಂಬು ಬೇಡ. ಇಲ್ಲದಿದ್ದರೆ ಮಾಯುವ ಚರ್ಮವೇ ಬಿಗಿದು ಎಳೆಯುತ್ತದೆ.

ಗಾಯ ಮಾಯಿತು, ಚರ್ಮ ಬಿಗಿಯಿತು. ರೊಟ್ಟಿ ಹೋಗಿ ಅಂಬಲಿಯಾಯಿತು, ಅದೂ ತುಟಿಯಂಚಿನಿಂದ ಸೋರುತ್ತಿತ್ತು. ತುಟಿಗಳು ಕೂಡದೆ ತನ್ನ ಹೆಸರಿನ 'ಪ' ಕೂಡ ಬರೀ ಗಾಳಿಯಾಗಿ ಹೋಗುತ್ತಿತ್ತು. ಗದ್ದ ಎದೆಯತ್ತ ಬಾಗಿತು. ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದರೆ ಆಕೆಯ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅರೆನಿದ್ದೆಯಲ್ಲಿ ನನಗದು ಕೃಷ್ಣೆಯ ದಂಡೆಯ ಜೊಂಡಿನಲ್ಲಿ ಗಾಳಿ ಸುಳಿದಂತೆ ಕೇಳುತ್ತಿತ್ತು. ನಾನು ದೋಣಿಯಲ್ಲಿ ಕೂತಿರುತ್ತಿದ್ದೆ. ಆಚೆ ದಡದಲ್ಲಿ ಪದ್ಮಾ ಏನೋ ಕೂಗುತ್ತಿದ್ದಳು, ಮಾತು ನೀರು ದಾಟುತ್ತಿರಲಿಲ್ಲ. ಎಚ್ಚರಾದರೆ ಅದೇ ಸಿಳ್ಳೆ. ಇಂಪಾಗಿದೆ ಎಂದುಕೊಂಡು ಮತ್ತೆ ಕಣ್ಣು ಮುಚ್ಚುತ್ತಿದ್ದೆ. ಎಂಥ ಮಂಕು!

ಮತ್ತೆ ತೋರಿಸಲು ಹೋದಾಗ ಡಾಕ್ಟರ್‌ಬಾಯಿ ಬೆರಳಿಟ್ಟು ನೋಡಿದರು. ಮೂರು ಬೆರಳು ಹಿಡಿಸಬೇಕಾದ ಬಾಯಿಯಲ್ಲಿ ಒಂದೇ ಹಿಡಿಸಿತು.

"ಹೇಳಿದ್ದು ಮಾಡಿಲ್ಲೇನ ತಂಗಿ? ಹಿಂಗ ಮುಚ್ಚಕೋತ ಹೋದ್ರ ನಾಳೆ ಆಪರೇಶನ್ ಮಾಡಾಗ ಉಸಿರಿನ ನಳಿ ಇಳಸಾಕೂ ದಾರಿ ಇರೂದಿಲ್ಲ."

ಪದ್ಮಾ ಸೆರಗು ಎಳೆದುಕೊಂಡಳು. "ಅತ್ತಿ ಎದುರಿಗೇ ಕುಂತಿರ್ತಾರ್ರಿ."

"ಕುಂತ್ರ ಏನಾತು? ನಾ ಏನ್ ಹುಲಿ ಅದೀನೇನ?" ಎಂದೆ.

ಡಾಕ್ಟರ್‌ಬಾಯಿ ನಗಲಿಲ್ಲ. "ಆಯಿ, ನಿಮ್ಮ ಮನ್ಯಾಗ ಸೊಸಿ ಹಿರೇರ ಮುಂದ ಬಾಯಿ ತಗೀತಾಳೇನ್ರಿ?"

ಮದುವೆಯಾಗಿ ಬಂದ ವಾರವೇ ಪದ್ಮಾ ನನ್ನೆದುರು ಆಕಳಿಸಿದ್ದಳು. "ನಿಮ್ಮ ಸದಲಗಾದಾಗ ಹೆಣ್ಮಕ್ಳು ಹಿಂಗ ಗಂಟಲಾ ತೋರಸ್ತಾರೇನ?" ಎಂದು ನಾಲ್ಕು ಜನರ ಮುಂದೆ ಅಂದಿದ್ದೆ. ಅಂದಿನಿಂದ ಹನ್ನೊಂದು ವರ್ಷ ಆಕೆ ನನ್ನೆದುರು ಬಾಯಿ ತುಂಬ ನಕ್ಕದ್ದಿಲ್ಲ. ನಾನದನ್ನು ಸಂಸ್ಕಾರ ಎಂದುಕೊಂಡಿದ್ದೆ. ಸುಟ್ಟ ಮೇಲಂತೂ ಕಾಳಜಿ ಅಂತ ಒಂದು ಗಳಿಗೆಯೂ ಆಕೆಯನ್ನು ಒಂಟಿ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಪದ್ಮಾಳನ್ನು ಎದುರಿಗೆ ಕೂರಿಸಿಕೊಂಡೆ. ಮುಖ ಮೇಲೆತ್ತಿ, ಹಲ್ಲಿಲ್ಲದ ನನ್ನ ಬಾಯಿಯನ್ನು ಆದಷ್ಟೂ ಅಗಲಿಸಿದೆ. ಆಕೆ ನೆಲ ನೋಡಿದಳು. ಡೇರಿಗೆ ಹಾಲು ಹಾಕಲು ಹೊರಟಿದ್ದ ನೆರೆಮನೆಯ ಕಸ್ತೂರಿ ಕ್ಯಾನು ಹಿಡಿದು ನಿಂತುಬಿಟ್ಟಳು.

"ಏನಾತ ಆಯಿ? ಬಾಯಾಗ ನೊಣಾ ಹೊಕ್ಕೈತೇನ?"

ನಾನು ತೆರೆದ ಬಾಯಿ ಮುಚ್ಚಲಿಲ್ಲ. ಪದ್ಮಾ ಸೆರಗು ಸರಿಸಿ 'ಆ' ಎನ್ನುವ ತನಕ ಹಾಗೇ ಕೂತೆ.