ನಾಲ್ಕನೆಯ ಕಂಬ

ನನ್ನ ಮಗ ಆಸ್ಟ್ರೇಲಿಯಾದ ಒಂದು ದೊಡ್ಡ ಕ್ಲಬ್ಬಿನ ಪರವಾಗಿ ಅಲ್ಲಿಯವರ ಫುಟ್‌ಬಾಲ್ ಆಡಿದ್ದಾನೆ. ಮೂರೇ ಮೂರು ಪಂದ್ಯ. ನಾಲ್ಕನೆಯದು ಅವನಿಗೆ ಸಿಗದೆ ಹೋದದ್ದು ನನ್ನ ಒಂದು ಮಾತಿನಿಂದ. ಕೇಳಿದವರಿಗೆಲ್ಲ "ಕಾಲು ಕೈಕೊಟ್ಟಿತು" ಎಂದು ಹೇಳಿ ಆರು ವರ್ಷ ತಪ್ಪಿಸಿಕೊಂಡೆ. ಪಾಪ, ಕಾಲಿನದೇನೂ ತಪ್ಪಿರಲಿಲ್ಲ.

ನಾನು ಸೌದಿಯ ಅಲ್ ಖರ್ಜಿನ ಒಂದು ಡೇರಿ ಫಾರ್ಮಿನಲ್ಲಿ ಹಾಲು ಕರೆಯುವ ಯಂತ್ರಗಳ ಮೆಕ್ಯಾನಿಕ್. ಹೆಂಡತಿ ಆಗ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಶುಕ್ರವಾರ ಸಂಜೆ ಬಿಸಿಲು ಇಳಿದ ಮೇಲೆ ಮಗನನ್ನು ಫಾರ್ಮಿಗೆ ಕರೆದೊಯ್ಯುತ್ತಿದ್ದೆ. ನಮ್ಮ ಬಾಸ್ ಆಸ್ಟ್ರೇಲಿಯಾದವನು. ಹಟ್ಟಿಗಳ ಹಿಂದಿನ ಬಯಲಿನಲ್ಲಿ ತನ್ನ ದೇಶದ ಆಟ ಆಡಿಸುತ್ತಿದ್ದ. ಚೆಂಡು ದುಂಡಗಿಲ್ಲ, ಮೊಟ್ಟೆಯ ಹಾಗೆ. ಮರಳಿಗೆ ಬಿದ್ದರೆ ಯಾವ ಕಡೆ ಹಾರುತ್ತದೆಂದು ದೇವರಿಗೂ ತಿಳಿಯದು. ಗೋಲಿಗೆ ನಾಲ್ಕು ಕಂಬ ಬೇಕು, ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ, ಬದಿಯಲ್ಲಿ ಹೋದರೆ ಒಂದು. ಬಾಸ್ ನೀರಾವರಿಯ ಹಳೆ ಪೈಪುಗಳನ್ನು ನೆಟ್ಟಿದ್ದ. ಒಂದನ್ನು ಯಾರೋ ಸೋರುವ ಲೈನಿಗೆ ಹಾಕಲು ಕಿತ್ತುಕೊಂಡು ಹೋದರು. ಆಮೇಲೆ ನಾಲ್ಕನೆಯ ಕಂಬ ನಾನೇ.

"ಪಪ್ಪಾ, ಓಡಿ!" ಎಂದು ಮಗ ಕೂಗುತ್ತಿದ್ದ. ಅವನಿಗಾಗ ಏಳು ವರ್ಷ.

"ಕಂಬ ಎಲ್ಲಿಯಾದರೂ ಓಡ್ತದಾ ಮಾರಾಯ?" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನು ಸೋಮಾರಿ ಎಂದು ಮಗ ತೀರ್ಮಾನ ಮಾಡಿಬಿಟ್ಟಿದ್ದ.

ನಿಜ ಬೇರೆಯೇ ಇತ್ತು. ಆ ವರ್ಷ ಪಂಪೊಂದನ್ನು ಎತ್ತುವಾಗ ನನ್ನ ಸೊಂಟ ಕಟಕ್ಕೆಂದಿತ್ತು. ಅಂಗಿಯೊಳಗೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. "ಡಾಕ್ಟರಿಗೆ ತೋರಿಸಿ" ಎಂದು ಹೆಂಡತಿ ದಿನಾ ಜಗಳ ಮಾಡುತ್ತಿದ್ದಳು. ಹೇಗೆ ತೋರಿಸುವುದು? ಹಾಲಿನ ಹತ್ತಿರ ಕೆಲಸ ಮಾಡುವವರಿಗೆ ವರ್ಷಕ್ಕೊಮ್ಮೆ ಮೆಡಿಕಲ್ ಆಗಲೇಬೇಕು, ಅದಾದರೆ ಮಾತ್ರ ಕೆಲಸಕ್ಕೆ ಬೇಕಾದ ಆರೋಗ್ಯದ ಕಾರ್ಡು. ಅದರ ಹಿಂದಿನ ವರ್ಷವೇ ನನ್ನ ಜೊತೆಯ ಬಂಟ್ವಾಳದ ಮೆಕ್ಯಾನಿಕ್ ಡಾಕ್ಟರ ಮುಂದೆ, ಚಿಕ್ಕಂದಿನಲ್ಲಿ ಕ್ಷಯ ಬಂದಿತ್ತು ಎಂದು ತಾನಾಗಿಯೇ ಹೇಳಿದ್ದ. ಕಾಗದದ ಮೇಲೆ "ಅನ್‌ಫಿಟ್" ಎಂದು ಬಿತ್ತು. ಖಲಾಸ್. ತಿಂಗಳೊಳಗೆ ಊರಿಗೆ. "ಎಂತಕ್ಕೆ ಬಾಯಿಬಿಟ್ಟೆನೋ ಮಾರಾಯ" ಎಂದು ಅವನು ಪೆಟ್ಟಿಗೆ ಕಟ್ಟುತ್ತ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕ್ಯಾಂಪಿನಲ್ಲಿ ಮೆಡಿಕಲ್ಲಿನ ದಿನ ಎಲ್ಲರೂ ಆರೋಗ್ಯವಂತರೇ. ಬಿಪಿ ಇದ್ದವನು ಮೂರು ದಿನ ಉಪ್ಪು ಬಿಡುತ್ತಿದ್ದ, ಕೆಮ್ಮು ಇದ್ದವನು ಉಸಿರು ಬಿಗಿಹಿಡಿಯುತ್ತಿದ್ದ. ನಾನು ಪಟ್ಟಿ ಬಿಚ್ಚಿಟ್ಟು ನೆಟ್ಟಗೆ ನಡೆದು ಹೋಗುತ್ತಿದ್ದೆ.

"ಮಗನಿಗೂ ಹೇಳಬೇಡ" ಎಂದು ಹೆಂಡತಿಯ ಬಾಯಿ ಮುಚ್ಚಿಸಿದ್ದೆ. "ನಾಳೆ ಚೆಂಡಿನ ಜೊತೆ ಅದನ್ನೂ ಬಾಸಿನ ಕಡೆಗೆ ಒದೀತಾನೆ."

ಮಗನಿಗೆ ಹನ್ನೊಂದಾದಾಗ ಹೆಂಡತಿಗೆ ಮೆಲ್ಬರ್ನಿನಲ್ಲಿ ಕೆಲಸವಾಯಿತು. ಅಮ್ಮ, ಮಗ ಹೊರಟರು. ನಾನು ಎರಡು ವರ್ಷ ಕಳೆದು ಬರುತ್ತೇನೆಂದು ಉಳಿದೆ. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ಪಟ್ಟಿ ಸೂಟ್‌ಕೇಸಿನ ತಳದಲ್ಲಿರುತ್ತಿತ್ತು. ನೋವು ಹೋಯಿತು ಎಂದು ಹೆಂಡತಿಗೂ ಹೇಳಿಬಿಟ್ಟಿದ್ದೆ.

ಮರಳಿನಲ್ಲಿ ಆ ಹುಚ್ಚು ಚೆಂಡಿನ ಹಿಂದೆ ಓಡಿದವನಿಗೆ ಹುಲ್ಲು ಸುಲಭವಾಯಿತೋ ಏನೋ, ಹದಿನೆಂಟಕ್ಕೆ ಕ್ಲಬ್ಬಿನವರು ಅವನನ್ನು ಆರಿಸಿದರು. ಆಟವೇ ಕೆಲಸ, ಆಟಕ್ಕೇ ಸಂಬಳ. ಮೊದಲ ವರ್ಷ ಎರಡನೆಯ ತಂಡದಲ್ಲಿ ಆಡಿದ. ಫೋನಿನಲ್ಲಿ ಎಲ್ಲ ಹೇಳುತ್ತಿದ್ದ. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಒಂದು ಫಾರಂ ತುಂಬಬೇಕಂತೆ: ನಿದ್ರೆ ಹೇಗಾಯಿತು, ಎಲ್ಲಿ ನೋವು, ಹತ್ತಕ್ಕೆ ಎಷ್ಟು. ಅದನ್ನು ಕೇಳಿದ ಕೂಡಲೇ ನನಗೆ ನಮ್ಮ ಮೆಡಿಕಲ್ ನೆನಪಾಯಿತು. ವರ್ಷಕ್ಕೊಂದು ಮೆಡಿಕಲ್ಲಿಗೇ ನಾವು ನಡುಗುತ್ತೇವೆ, ಇವನಿಗೆ ದಿನಕ್ಕೊಂದು!

ಎರಡನೆಯ ವರ್ಷ ಒಂದು ಮಂಗಳವಾರ ಫೋನ್ ಮಾಡಿದ. ಮಾತು ಅರ್ಧ ಕೊಂಕಣಿ, ಅರ್ಧ ಇಂಗ್ಲಿಷ್. ಶನಿವಾರದ ಪಂದ್ಯಕ್ಕೆ ಮೊದಲ ತಂಡದಲ್ಲಿ ಅವನ ಹೆಸರು ಬರುವ ಹಾಗಿತ್ತು.

"ಪಪ್ಪಾ, ಒಂದು ವಾರದಿಂದ ಎಡಪಾದದಲ್ಲಿ ನೋವು. ಈಗ ಮೆಟ್ಟಿಲು ಇಳಿಯುವಾಗಲೂ ಇದೆ. ಫಾರಂನಲ್ಲಿ ಬರೆಯಲಾ?"

"ಬರೆದರೆ ಎಂತ ಮಾಡ್ತಾರೆ?"

"ಸ್ಕ್ಯಾನ್ ಮಾಡ್ತಾರೆ. ಆಡಬೇಡ ಅನ್ನಬಹುದು."

"ನಿನಗೆ ತಲೆ ಉಂಟಾ? ಬಾಗಿಲು ತೆರೆಯುವ ಹೊತ್ತಿಗೆ ನೀನೇ ಅನ್‌ಫಿಟ್ ಅಂತ ಬರೆದುಕೊಡ್ತೀಯಾ? ಸೊನ್ನೆ ಹಾಕು. ಜಾಗ ಗಟ್ಟಿಯಾಗಲಿ, ಮತ್ತೆ ನೋಡುವ."

"ಸರಿ ಪಪ್ಪಾ" ಎಂದ ಮಗ. ಒಳ್ಳೆಯ ಬುದ್ಧಿ ಹೇಳಿದೆ ಎಂಬ ಹೆಮ್ಮೆಯಲ್ಲಿ ನಾನು ಆ ದಿನ ಎರಡು ಚಾ ಹೆಚ್ಚು ಕುಡಿದೆ.

ಮೊದಲ ಪಂದ್ಯದ ಮುಂಚೆ ಆಟಗಾರನಿಗೆ ಮನೆಯವರೇ ಜರ್ಸಿ ಕೊಡುವುದು ಅಲ್ಲಿಯ ಪದ್ಧತಿ. ನಾಲ್ಕು ದಿನದಲ್ಲಿ ರಜೆ, ವೀಸಾ ಯಾವುದೂ ಆಗುವಂತಿರಲಿಲ್ಲ, ಹೆಂಡತಿಯೇ ಕೊಟ್ಟಳು. ನಾನು ಬೆಳಿಗ್ಗೆ ಪಂಪ್ ರೂಮಿನಲ್ಲಿ ಫೋನಿನಲ್ಲಿ ಪಂದ್ಯ ನೋಡುತ್ತ ಕೂತೆ. ಅವನು ಒಂದು ಗೋಲು ಹೊಡೆದಾಗ ನಾನು ಕೂಗಿದ ಕೂಗಿಗೆ ಪಾಕಿಸ್ತಾನಿ ಡ್ರೈವರ್ ಓಡಿಬಂದ, ಯಾರಿಗೋ ಕರೆಂಟ್ ಹೊಡೆಯಿತೆಂದುಕೊಂಡು.

ಮೂರನೆಯ ಪಂದ್ಯದಲ್ಲಿ ಅವನನ್ನು ಯಾರೂ ತಳ್ಳಲಿಲ್ಲ, ಅವನು ಬೀಳಲೂ ಇಲ್ಲ. ಓಡುತ್ತಿದ್ದವನು ನಿಂತ. ಹುಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ. ಅಷ್ಟರಲ್ಲೇ ನನಗೆ ಗೊತ್ತಾಯಿತು.

ಪಾದದ ಒಂದು ಸಣ್ಣ ಮೂಳೆ ಬಿರುಕು ಬಿಟ್ಟಿತ್ತು. ನೋವು ಶುರುವಾದಾಗಲೇ ಹೇಳಿದ್ದರೆ ಆರು ವಾರದ ಪ್ಲಾಸ್ಟರಿನಲ್ಲಿ ಕೂಡಿಕೊಳ್ಳುತ್ತಿತ್ತು ಎಂದರಂತೆ ಡಾಕ್ಟರು. ಆ ಫಾರಂ ಇರುವುದೇ ಅದಕ್ಕಂತೆ, ಆಟಗಾರನನ್ನು ಉಳಿಸಿಕೊಳ್ಳಲು. ಉಳಿಸಿಕೊಳ್ಳಲು ಕೇಳುವ ಡಾಕ್ಟರನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಸೊನ್ನೆ ಯಾಕೆ ಹಾಕಿದೆ ಎಂದು ಅವರು ಕೇಳಿದರೆ ಮಗ, "ನೋವು ಗೊತ್ತಾಗಲಿಲ್ಲ" ಎಂದನಂತೆ. ನನ್ನ ಸುದ್ದಿ ಎತ್ತಲಿಲ್ಲ.

"ನರ್ಸ್ ಆಗಿದ್ದೂ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ" ಎಂದು ಹೆಂಡತಿ ಫೋನಿನಲ್ಲಿ ಅತ್ತಳು. ಒಂದು ಮಾತು ಹೇಳಿದ್ದರೆ ಅವಳ ಭಾರ ಇಳಿಯುತ್ತಿತ್ತು. ನಾನು ಹೇಳಲಿಲ್ಲ. ಇದಕ್ಕಾಗಿ ನನಗೆ ನನ್ನ ಮೇಲೆ ಈಗಲೂ ಅಸಹ್ಯವಿದೆ. ಎರಡು ಆಪರೇಷನ್, ಎರಡು ವರ್ಷ. ಆಮೇಲೆ ಕ್ಲಬ್ಬಿನವರು ಕೈಕುಲುಕಿ ಕಳಿಸಿದರು. ಈಗ ಅವನು ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು.

ಕಳೆದ ಶುಕ್ರವಾರ ವಿಡಿಯೋದಲ್ಲಿ ಮಾತಾಡುತ್ತಿದ್ದೆವು. ತನ್ನ ಶಾಲೆಯ ಮಕ್ಕಳಿಗೂ ಅಂಥದೇ ಫಾರಂ ಮಾಡಿದ್ದೇನೆ ಎಂದ. ನನಗೆ ತಡೆಯಲಾಗಲಿಲ್ಲ.

"ಆವತ್ತು ಸೊನ್ನೆ ಹಾಕು ಎಂದದ್ದು ನಾನು. ತಪ್ಪು ನನ್ನದು ಮಗಾ. ಮಮ್ಮಿಗೂ ನಾನೇ ಹೇಳ್ತೇನೆ."

ಅವನು ನಕ್ಕ. "ಬಿಡಿ ಪಪ್ಪಾ. ನಿಮಗೆ ಯಾವತ್ತೂ ಎಲ್ಲಿಯೂ ನೋವೇ ಇರಲಿಲ್ಲವಲ್ಲ. ಸುಮ್ಮನಿದ್ದರೆ ಹೋಗುತ್ತದೆ ಅಂತ ನಾನೂ ನಂಬಿದೆ."

ನಾನು ಎದ್ದು ನಿಂತು, ಫೋನನ್ನು ಕೆಳಗೆ ಹಿಡಿದು, ಅಂಗಿ ಎತ್ತಿ ಪಟ್ಟಿ ತೋರಿಸಿದೆ.

"ಯಾವಾಗಿನಿಂದ?"

"ನಿನಗೆ ಏಳು ವರ್ಷ ಇದ್ದಾಗಿನಿಂದ."

ಅವನು ಫೋನನ್ನು ಮುಖದ ಹತ್ತಿರ ತಂದು ಪಟ್ಟಿಯನ್ನೇ ನೋಡಿದ. ಆಮೇಲೆ, "ಕಂಬ ಆಗಿ ನಿಲ್ತಿದ್ದದ್ದು ಅದಕ್ಕಾ?" ಎಂದ.

ಹೌದೆಂದು ತಲೆಯಾಡಿಸಿದೆ.

"ಈಗ ಎಷ್ಟಿದೆ ಪಪ್ಪಾ, ಹತ್ತಕ್ಕೆ?"

ಸೊನ್ನೆ ಎಂದು ನಾಲಗೆಯ ತುದಿಗೆ ಬಂದಿತ್ತು.

"ಏಳು" ಎಂದೆ.