ಅಳಿಸಿದ ಫೋಟೊಗೆ ಬದಲಾಗಿ

ಹೋದ ವರ್ಷದ ಚಳಿಗಾಲ, ಒಂದು ಭಾನುವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ನಾನು ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಒಂದು ಸಭಾಂಗಣದ ಅಂಗಳದಲ್ಲಿ, ಗೇಟಿನ ಒಳಗೆ, ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಅಲ್ಲಿಂದ ವೇದಿಕೆಗೆ ಇಪ್ಪತ್ತೆರಡು ಹೆಜ್ಜೆ. ಮೊನ್ನೆ ಮತ್ತೆ ಹೋಗಿ ಅಳೆದು ಬಂದಿದ್ದೇನೆ. ಇಷ್ಟು ಕರಾರುವಾಕ್ಕು ಯಾಕಪ್ಪಾ ಎಂದು ನಿಮಗೆ ಅನ್ನಿಸಬಹುದು. ಹೋದ ವಾರ ಗಿರಿಜವ್ವ ಎಂಬವರು ಫೋನ್ ಮಾಡಿ, ಅವತ್ತು ಕಂಡದ್ದನ್ನು ಬರೆದುಕೊಡಿ ಎಂದು ಕೇಳಿದರು. ಅವರ ಯಜಮಾನರು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಬಾಯಿಮಾತನ್ನು ನಂಬುವುದಿಲ್ಲ.

ಅಂದು ಪ್ರೈಡ್. ಸಲಿಂಗಿಗಳು, ತೃತೀಯಲಿಂಗಿಗಳು ಎಂದು ಜನ ಕರೆಯುವ ನಾವೆಲ್ಲ ಹಾಡಹಗಲಲ್ಲಿ ಒಟ್ಟಾಗಿ ಬೀದಿಗಿಳಿಯುವ ದಿನ. ಮೆರವಣಿಗೆ ಮುಗಿದ ಮೇಲೆ, ವರ್ಷವಿಡೀ ಓಡಾಡಿ ದುಡಿದ ಕಾರ್ಯಕರ್ತರಿಗೆ ಶಾಲು ಹೊದಿಸಿ ಸನ್ಮಾನ. ಫೋಟೊ ಬೇಡವೆನ್ನುವವರು ಮುಂಗೈಗೆ ಕೆಂಪು ರಿಬ್ಬನ್ ಕಟ್ಟಿಕೊಳ್ಳುವುದು ನಮ್ಮಲ್ಲಿ ರೂಢಿ. ರಿಬ್ಬನ್ ಕಂಡರೆ ನಮ್ಮ ಫೋಟೊಗ್ರಾಫರ್ ಕ್ಯಾಮೆರಾ ಕೆಳಗಿಳಿಸುತ್ತಾನೆ. ಬೇರೆ ಯಾರಾದರೂ ತೆಗೆದರೆ ಅದನ್ನು ಅಳಿಸಿ ಹಾಕಿಸುವುದು ನನ್ನ ಪಾಲಿನ ಕೆಲಸ.

ಈ ಕೆಲಸಕ್ಕೆ ನನ್ನನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಐವತ್ತೆಂಟು ವರ್ಷ ಮುಚ್ಚಿಟ್ಟುಕೊಂಡೇ ಬದುಕಿದವನು ನಾನು. ಹಾಲಿನವನು ಎರಡು ಸಲ ಬೆಲ್ ಒತ್ತಿದರೆ, ಎರಡನೆಯ ಸಲ ಯಾಕೆ ಒತ್ತಿದ ಎಂದು ಮಧ್ಯಾಹ್ನದವರೆಗೆ ಯೋಚಿಸುತ್ತೇನೆ. ಬೇಗಂ ಬಜಾರಿನಲ್ಲಿ ಒಬ್ಬ ಮುದುಕ ಬೆನ್ನು ಹತ್ತಿದನೆಂದು ಒಮ್ಮೆ ಮೂರು ಗಲ್ಲಿ ಓಡಿದ್ದೆ. ಪಾಪ, ಅವನ ಕೈಯಲ್ಲಿದ್ದದ್ದು ನಾನು ಅಂಗಡಿಯಲ್ಲಿ ಮರೆತಿದ್ದ ಕೊಡೆ.

ಐದು ಹತ್ತಕ್ಕೆ ಚಂದ್ರುವಿನ ಹೆಸರು ಕರೆದರು. ಚಂದ್ರು ಎಂಬುದು ಈ ಬರಹಕ್ಕಾಗಿ ಅವನು ಒಪ್ಪಿದ ಹೆಸರು. ಮನೆಯವರು ಹೊರಹಾಕಿದ್ದರಿಂದ ರೈಲು ಹತ್ತಿ ಬರುವವರನ್ನು ಸ್ಟೇಷನ್ನಿನಲ್ಲಿ ಎದುರುಗೊಂಡು, ಊಟ ಹಾಕಿಸಿ, ಒಂದು ನೆಲೆ ಹುಡುಕಿಕೊಡುವವನು ಅವನು. ಅವನನ್ನೂ ಅವನ ತಂದೆ ಹೊರಹಾಕಿ ಆರು ವರ್ಷವಾಗಿತ್ತು. ಮುಂಗೈಯಲ್ಲಿ ರಿಬ್ಬನ್ ಇತ್ತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ರಜಿಯಾ ಅಮ್ಮಿ ಶಾಲು ಹೊದಿಸಿದರು. ಅವನು ತಲೆ ತಗ್ಗಿಸಿಕೊಂಡೇ ಇದ್ದ. "ಸರ್ ಉಠಾ, ಬೇಟಾ", ತಲೆ ಎತ್ತು ಮಗನೇ ಎಂದು ಅಮ್ಮಿ ಗದ್ದ ಹಿಡಿದು ಎತ್ತಿದರು. ಕೂತಿದ್ದವರೆಲ್ಲ ಎದ್ದು ನಿಂತರು.

ಆಗಲೇ ನನ್ನಿಂದ ನಾಲ್ಕು ಹೆಜ್ಜೆ ಆಚೆ, ಇಳಕಲ್ ಸೀರೆಯ ಹೆಂಗಸೊಬ್ಬರು ಫೋನ್ ಎತ್ತಿ ಹಿಡಿದಿದ್ದು ಕಂಡಿತು. ಫೋಟೊ ತೆಗೆದು, ಯಾರಿಗೋ ಫೋನ್ ಹಚ್ಚಿ ತಗ್ಗಿದ ದನಿಯಲ್ಲಿ ಹೇಳಿದರು: "ಹೂನ್ರಿ, ಸಿಕ್ಕಾನ. ಇಲ್ಲೇ ಅದಾನ. ಈಗ ಕಳಸ್ತೀನಿ, ನೋಡ್ರಿ."

ಇಂಥದೇ ಮಾತು ಕಿವಿಗೆ ಬಿದ್ದ ಸ್ವಲ್ಪ ಹೊತ್ತಿಗೆ ನಮ್ಮವಳೊಬ್ಬಳನ್ನು ಅವಳ ಅಣ್ಣತಮ್ಮಂದಿರೇ ಜೀಪಿನಲ್ಲಿ ಬಂದು ಎಳೆದೊಯ್ದದ್ದನ್ನು ನಾನು ಹಿಂದೆ ನೋಡಿದ್ದೇನೆ.

"ಅವ್ವಾರ, ಆ ಫೋಟೊ ಅಳಿಸಿಬಿಡ್ರಿ" ಎಂದೆ. ಅವರು ಕೂಡಲೇ ಅಳಿಸಿದರು. ನಾನು ಅಷ್ಟಕ್ಕೇ ಬಿಡಲಿಲ್ಲ. ಅಳಿಸಿದ ಫೋಟೊಗಳು ಹೋಗಿ ಕೂರುವ ಜಾಗವನ್ನೂ ತೆಗೆಸಿ ಖಾಲಿ ಮಾಡಿಸಿದೆ. ಆಮೇಲೆ ಅವರು ಕೇಳಿದರು:

"ಈಗರೆ ಹತ್ರ ಹೋಗಿ ನೋಡ್ಲೇನ್ರಿ? ಅವ ನನ್ನ ಮಗಾರಿ."

ಉಳಿದದ್ದು ಗೊತ್ತಾದದ್ದು ಹೋದ ವಾರ ಆ ತಾಯಿ, ಗಿರಿಜವ್ವ, ಫೋನ್ ಮಾಡಿದಾಗ. ಮಗನಿಗೆ ಸನ್ಮಾನವಂತೆ ಎಂದು ಅವರು ಹೇಳಿದಾಗ, ಫೋಟೊ ತೋರಿಸು, ನಿಜವಾದರೆ ಮನೆಗೆ ಬರಲಿ ಎಂದು ಯಜಮಾನರು ಒಪ್ಪಿದ್ದರಂತೆ. ಆ ಸಂಜೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾದರಂತೆ. ಫೋಟೊ ಬರಲಿಲ್ಲ. ಹೆಂಡತಿ ಕಂಡದ್ದನ್ನೆಲ್ಲ ಹೇಳಿದರೆ, "ಶಾಲು ಕೋಠಿ ಬಜಾರದಾಗ ಬೇಕಾದಷ್ಟು ಸಿಗ್ತಾವ. ಹೊದಿಸಿದ್ದು ಯಾರು ನೋಡ್ಯಾರ?" ಎಂದರಂತೆ. ಆ ಮಾತಿಗೆ ಒಂದು ವರ್ಷವಾಯಿತು. ಚಂದ್ರು ಇನ್ನೂ ಹೊರಗೇ ಇದ್ದಾನೆ.

ಬರೆದುಕೊಡಿ ಎಂದದ್ದರಲ್ಲೂ ನನಗೆ ಮೊದಲು ಕಂಡದ್ದು ಬಲೆಯೇ. ಈ ಕಾಗದ ಯಾರ ಕೈ ಸೇರುತ್ತದೋ ಎಂದು ಎರಡು ದಿನ ಅಳೆದು ಸುರಿದು ಚಂದ್ರುವನ್ನು ಕೇಳಿದೆ. "ಬರೀರಿ ಕಾಕಾ" ಎಂದ. "ರಿಬ್ಬನ್ ಕಟ್ಟಿದ್ದು ಆಫೀಸಿನವರಿಗೆ ಅಂಜಿ. ಅಪ್ಪಗ ಅಂಜಿ ಅಲ್ಲ."

ಅದಕ್ಕೇ ಬರೆದಿದ್ದೇನೆ. ಬರೆಯುತ್ತ ಬರೆಯುತ್ತ ಒಂದು ವಿಷಯ ತಿಳಿಯಿತು: ಆ ಸಂಜೆ ಫೋನಿನ ಆ ಕಡೆ ಕಾಯುತ್ತಿದ್ದವರೂ ನನ್ನಂಥ ಸಂಶಯದವರೇ. ಹಾಗಾಗಿ ಇನ್ನು ಮುಂದಿನದು ನೇರವಾಗಿ ಅವರಿಗೆ.

ಯಜಮಾನರೇ, ಯಾರು ನೋಡಿದ್ದಾರೆ ಎಂದು ಕೇಳಿದ್ದೀರಿ. ಅಂಗಳದ ತುಂಬ ಜನರಿದ್ದರು. ಹೆಚ್ಚಿನವರ ಹೆಸರನ್ನು ನಾನು ಹೇಳುವಂತಿಲ್ಲ. ಶಾಲು ಹೊದಿಸಿದ ರಜಿಯಾ ಅಮ್ಮಿ ಈ ಯುಗಾದಿಯ ಹೊತ್ತಿಗೆ ತೀರಿಕೊಂಡರು. ಮೈಕಿನಲ್ಲಿ ಹೆಸರು ಕರೆದ ಸ್ವಪ್ನ ಇದ್ದಾಳೆ. ಗೇಟಿನ ಬಳಿ ಚಹಾ ಮಾರುವ ಯೂಸುಫ್ ಭಾಯ್ ಕೆಟಲ್ ಕೆಳಗಿಟ್ಟು ಚಪ್ಪಾಳೆ ಹೊಡೆದರು, ಅವರಿದ್ದಾರೆ. ನಾನಿದ್ದೇನೆ. ಇನ್ನೊಬ್ಬರು ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡಿದವರು. ಇವತ್ತು ಬೆಳಿಗ್ಗೆ ನಿಮಗೆ ರೊಟ್ಟಿ ಬಡಿಸಿದವರು ಅವರೇ.