ಏಕಾದಶಿ ಹಿಟ್ಟಿಗೆ ಕಚರಾದ ಕರೆಂಟು

ನನ್ನ ಮೊಮ್ಮಗಳು ಕಸದಿಂದ ಕರೆಂಟು ತೆಗೆದಳು. ಈ ಮಾತನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದೇನೆ, ಕಾಯಿಪಲ್ಲೆ ಸಂತೆಯಲ್ಲಿ ಹೇಳಿದ್ದೇನೆ, ದವಾಖಾನೆಯಲ್ಲಿ ಸೂಜಿ ಚುಚ್ಚುತ್ತಿದ್ದ ನರ್ಸಮ್ಮನಿಗೂ ಬಿಡದೆ ಹೇಳಿದ್ದೇನೆ. ಕೇಳಿದವರಿಗೆ ಬೇಸರ ಬಂದಿರಬಹುದು, ನನಗಂತೂ ಇನ್ನೂ ಬಂದಿಲ್ಲ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅಕ್ಷರದಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಮನೆಯ ಹಿಂದಿನ ಕಬ್ಬಿನ ಹೊಲ ದಾಟಿದರೆ ಊರಿನ ಕಸ ಹಾಕುವ ಜಾಗ. ಕಚರಾ ಡಿಪೊ ಅಂತಲೇ ಅದಕ್ಕೆ ಹೆಸರು. ಹಾಕಿ ಹಾಕಿ ಅದು ಗುಡ್ಡವೇ ಆಗಿತ್ತು. ಒಳಗೊಳಗೇ ಉರಿದು ಹೊಗೆ ಬಿಡುತ್ತಿತ್ತು. ಗಾಳಿ ಈ ಕಡೆ ತಿರುಗಿತೆಂದರೆ ಒಣ ಹಾಕಿದ ಸೀರೆಯನ್ನು ಮತ್ತೆ ನೀರಿಗೆ ಹಾಕಬೇಕು.

ಡಿಪ್ಲೊಮಾ ಮುಗಿಸಿದ ಮೊಮ್ಮಗಳು ಹಳೆಯ ಕಸದಿಂದ ಗ್ಯಾಸು ತೆಗೆಯುವ ಕಂಪನಿಯೊಂದನ್ನು ಸೇರಿದಳು. ಅವರು ಒಂದು ಸಣ್ಣ ಪ್ರಯೋಗಕ್ಕೆ ನಮ್ಮೂರ ಗುಡ್ಡವನ್ನೇ ಆರಿಸಿ, ನೋಡಿಕೊಳ್ಳಲು ಅವಳನ್ನೇ ಕಳಿಸಿದರು. ಗುಡ್ಡಕ್ಕೆ ಮಣ್ಣು ಹೊದಿಸಿದರು. ತೂತು ಕೊರೆದ ಪೈಪುಗಳನ್ನು ಅಲ್ಲಲ್ಲಿ ಆಳಕ್ಕೆ ಇಳಿಸಿದರು. ಪಕ್ಕದ ಶೆಡ್ಡಿನಲ್ಲಿ ಇಂಜಿನ್ನು ಬಂದು ಕೂತಿತು. ಇದೆಲ್ಲ ಯಾಕೆಂದು ಮೊಮ್ಮಗಳನ್ನು ಕೇಳಿದೆ.

"ಆಯೀ, ನಿನ್ನ ತವರಮನ್ಯಾಗ ಗೋಬರ್ ಗ್ಯಾಸ್ ಇತ್ತಲ್ಲ, ಇದೂ ಹಂಗ. ಕಸ ಒಳಗ ಕೊಳತ ಗ್ಯಾಸ್ ಆಗತೈತಿ. ನಾವು ಪೈಪ್ ಹಾಕಿ ಎಳಕೊಂಡು ಇಂಜಿನ್ನಿಗೆ ಕುಡಸ್ತೀವಿ."

"ಸೆಗಣಿ ಬ್ಯಾರೆ, ಹೇಸಿಗಿ ಬ್ಯಾರೆ" ಅಂದೆ.

"ಇಂಜಿನ್ನಿಗೆ ಆ ಮಡಿ ಮೈಲಿಗಿ ಗೊತ್ತಿಲ್ಲ ಆಯಿ."

ನನಗೆ ಅಷ್ಟೇನೂ ನಂಬಿಕೆ ಇರಲಿಲ್ಲ. ಆದರೆ ಒಂದು ಮುಂಜಾನೆ ಆ ಇಂಜಿನ್ನು ಗುಡುಗುಡು ಅಂದು, ಶೆಡ್ಡಿನ ಬಲ್ಬು ಹತ್ತಿತು ನೋಡಿ! ಮೊಮ್ಮಗಳ ಕೆನ್ನೆಗೆ ಗ್ರೀಸು ಹತ್ತಿತ್ತು. ಹಾಗೇ ಹಿಡಿದು ಮುದ್ದು ಕೊಟ್ಟೆ. ನನ್ನ ಮೂಗಿಗೂ ಗ್ರೀಸು.

ಬಲ್ಬು ಹತ್ತಿದರೆ ಸಾಲದಂತೆ. ಇಂಜಿನ್ನಿಗೆ ದಿನಾಲೂ ದುಡಿಯಲು ಕೆಲಸ ಬೇಕು, ಇಲ್ಲವಾದರೆ ಕಂಪನಿಯವರು ಪ್ರಯೋಗ ಸೋತಿತೆಂದು ಬರೆದು ಎಲ್ಲವನ್ನೂ ಬಿಚ್ಚಿಕೊಂಡು ಹೋಗುತ್ತಾರಂತೆ. ಅದಕ್ಕಾಗಿ ಊರಿನ ಹಿಟ್ಟಿನ ಗಿರಣಿಯವನನ್ನು ಒಪ್ಪಿಸಿ ಹತ್ತಿರದಲ್ಲೇ ಇನ್ನೊಂದು ಗಿರಣಿ ಇಡಿಸಿದರು. ಗಿರಣಿ ಬಂತು, ಕರೆಂಟು ಬಂತು, ಬೀಸಿಸುವವರು ಮಾತ್ರ ಬರಲಿಲ್ಲ.

ಅದಕ್ಕೆ ಕಾರಣ ನಮ್ಮ ಓಣಿಯ ಮಾಳಕರಿ ಅಕ್ಕ. ನನಗಿಂತ ಹಿರಿಯಳು. ಕೊರಳಲ್ಲಿ ತುಳಸಿಮಾಲೆ, ಅದಕ್ಕೇ ಮಾಳಕರಿ; ಕಾಲಲ್ಲಿ ಕಸುವಿದ್ದಾಗ ಪ್ರತಿ ವರ್ಷ ಪಂಢರಪುರಕ್ಕೆ ನಡೆದು ಹೋದವಳು. ಮಡಿ ವಿಷಯದಲ್ಲಿ ಅವಳು ಹೂಂ ಅಂದರೆ ಓಣಿಯೆಲ್ಲ ಹೂಂ. ನಾನು ಜೋಳ ಬೀಸಿಸಿಕೊಂಡು ಬರುವಾಗ ಕಟ್ಟೆಯ ಮೇಲಿಂದಲೇ ಕೂಗಿದಳು:

"ಏನ ಬೇ, ಕಚರಾದ ಹಿಟ್ಟ ತಂದಿಯೇನ? ರೊಟ್ಟಿ ಬಡಿಯೂ ಮುಂದ ಮೂಗ ಕಟ್ಟಕೋ!"

"ಕಟ್ಟಕೋತೀನ್ರಿ ಅಕ್ಕಾ. ನಿಮ್ಮ ಕಿಡಕಿಗೆ ಹೊಗಿ ಬರೂದು ನಿಂತೈತಲ್ರಿ, ಅದಕ್ಕೊಂದು ಆರತಿ ಮಾಡ್ರಿ ಮೊದಲ!"

ಅಕ್ಕ ಮೂತಿ ತಿರುವಿದಳು. ನಾನೊಬ್ಬಳೇ ಎಷ್ಟು ಬೀಸಿಸಲಿ? ಆಷಾಢ ಏಕಾದಶಿವರೆಗೆ ನೋಡುತ್ತೇನೆ, ಆಮೇಲೆ ಗಿರಣಿ ಎತ್ತುತ್ತೇನೆ ಎಂದು ಗಿರಣಿಯವನು ಹೇಳಿಬಿಟ್ಟ. ಮೊಮ್ಮಗಳು ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

ಏಕಾದಶಿ ಹತ್ತಿರ ಬಂತು. ನಮ್ಮ ಕಡೆ ಆ ಉಪವಾಸಕ್ಕೆ ವರಿ ಅಂಬೋ ಸಣ್ಣ ಕಾಳು, ಸಾಬೂದಾಣಿ ಬೀಸಿಸಿ ಥಾಲಿಪೀಟ ತಟ್ಟುತ್ತಾರೆ. ಆ ಹಿಟ್ಟಿಗೆ ಜೋಳ, ಗೋದಿ ತಾಗಕೂಡದು. ಹಿಂದಿನ ದಿನ ಗಿರಣಿಯವರು ಕಲ್ಲು ಝಾಡಿಸಿ, ಬೇರೆ ಕಾಳು ಹಾಕುವ ಮುಂಚೆ ಉಪವಾಸದ ಹಿಟ್ಟನ್ನೇ ಬೀಸಿಕೊಡಬೇಕು. ಆ ಸಲ ಮಳೆ ಗಾಳಿಗೆ ಕಂಬ ಬಿದ್ದು ಊರಿನ ಲೈನು ಹೋಗಿತ್ತು. ಒಂದು ಗಿರಣಿಯೂ ತಿರುಗುತ್ತಿರಲಿಲ್ಲ, ಗುಡ್ಡದ ಗಿರಣಿ ಬಿಟ್ಟರೆ.

ಏಕಾದಶಿಯ ಮುನ್ನಾದಿನ ಮುಂಜಾನೆ ನೋಡಿದರೆ ಓಣಿಯ ಹೆಂಗಸರೆಲ್ಲ ಡಬ್ಬಿ ಬಗಲಲ್ಲಿಟ್ಟುಕೊಂಡು ಕೊಡೆ ಹಿಡಿದು ಗುಡ್ಡದ ಹತ್ತಿರ ನಿಂತಿದ್ದಾರೆ! ಗಿರಣಿ ಹತ್ತಿರ ಮಾತ್ರ ಒಬ್ಬರೂ ಹೋಗಲೊಲ್ಲರು. ಎಲ್ಲರ ಕಣ್ಣು ಮಾಳಕರಿ ಅಕ್ಕನ ಮೇಲೆ. ಅಕ್ಕ ಡಬ್ಬಿಯ ಜೊತೆ ಒಂದು ತಾಟನ್ನೂ ತಂದಿದ್ದಳು. ಕುಂಕುಮ, ಹೂವು, ಕರ್ಪೂರ. ಶುದ್ಧ ಮಾಡಿಯೇ ಬೀಸಿಸುವೆನೆಂದು ಗಿರಣಿ ಬಿಟ್ಟು ನೆಟ್ಟಗೆ ಇಂಜಿನ್ನಿನ ಶೆಡ್ಡಿಗೆ ನಡೆದಳು. ಗ್ಯಾಸಿನ ಪೈಪಿನ ಬುಡಕ್ಕೆ ತಾಟು ಇಟ್ಟು ಕಡ್ಡಿಪೆಟ್ಟಿಗೆ ತೆಗೆದಳು.

"ಕಡ್ಡಿ ಕೊರೀಬ್ಯಾಡ್ರೀ! ಹೊರಗ ನಡೀರಿ, ಹೊರಗ!" ಮೊಮ್ಮಗಳು ಚೀರಿಕೊಂಡು ಓಡಿಬಂದು ಪೆಟ್ಟಿಗೆ ಕಸಿದುಕೊಂಡೇಬಿಟ್ಟಳು.

ಅಕ್ಕನ ಮೋರೆ ಕೆಂಪಾಯಿತು. "ಪಾಂಡುರಂಗನ ಹೆಸರಲೆ ಹಚ್ಚೂ ಕರ್ಪೂರ ಬ್ಯಾಡ ಅಂತಿ? ನಿನ್ನ ತೊಟ್ಟಿಲಾ ತೂಗಿದಾಕಿ ನಾ! ನಡೀರೆ, ಈ ವರ್ಷ ಬರೇ ಬಾಳಿಹಣ್ಣ ತಿಂದ ಉಪಾಸ ಮಾಡೂಣು."

ಕೊಡೆಗಳು ತಿರುಗಿದವು. ಮೊಮ್ಮಗಳು ಕಡ್ಡಿಪೆಟ್ಟಿಗೆ ಹಿಡಿದು ಕಲ್ಲಿನಂತೆ ನಿಂತಿದ್ದಳು. ಓಡಿಹೋಗಿ ಅಕ್ಕನ ಸೆರಗು ಹಿಡಿದೆ.

"ಅಕ್ಕಾ, ಒಂದ ಮಾತ ಹೇಳ್ರಿ. ನಿಮ್ಮ ಅಡಗಿಮನ್ಯಾಗ ಸಿಲಿಂಡರ್ ವಾಸನಿ ಬಂದ್ರ ದೀಪಾ ಹಚ್ತೀರೇನ?"

"ನನಗೇನ ಹುಚ್ಚ ಹಿಡದೈತಿ? ಕಿಡಕಿ ತಗೀತೀನಿ."

"ಮತ್ತ ಇದೂ ಸಿಲಿಂಡರ್‌ರೀ. ಆ ಗುಡ್ಡದಷ್ಟ ದೊಡ್ಡದು, ಅಷ್ಟ."

ಅಕ್ಕ ಗುಡ್ಡವನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಗುಡ್ಡದಷ್ಟ?" ಅಂದು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಹಿಂದಿದ್ದವರಿಗೇ ಜೋರು ಮಾಡಿದಳು, "ಏನ ನೋಡ್ತೀರೇ, ಸರೀರಿ ಹಿಂದಕ!"

ಮೊಮ್ಮಗಳು ಬಂದು ಅವಳ ಕಾಲು ಮುಟ್ಟಿದಳು. "ದೊಡ್ಡಾಯಿ, ಸಿಟ್ಟ ಆಗಬ್ಯಾಡ್ರಿ. ನಿಮಗೇನರ ಆದೀತಂತ ಜೀವ ಹೌಹಾರಿ ಚೀರಿದೆ."

"ಅದೇನೋ ಖರೆ. ಆದ್ರ ನನ್ನ ಆರತಿ ಎಲ್ಲಿ ಮಾಡ್ಲಿ?"

"ಬೀಸೂದು ಕಲ್ಲ ಅಲ್ರೀ ಅಕ್ಕಾ?" ಅಂದೆ ನಾನು. "ಕಲ್ಲಿಗೆ ಮಾಡ್ರಿ. ಅದೇನ ಕಸಾ ತಿಂದಿಲ್ಲ."

ಗಿರಣಿ ಇದ್ದದ್ದು ಆ ಶೆಡ್ಡಿನಿಂದ ಸಾಕಷ್ಟು ದೂರದಲ್ಲಿ, ಬೇವಿನ ಮರದಾಚೆ. ಅಲ್ಲಿ ಹಚ್ಚಿದರೆ ಅಡ್ಡಿಯಿಲ್ಲ ಎಂದು ಮೊಮ್ಮಗಳು ತಲೆಯಾಡಿಸಿದಳು. ಅಕ್ಕ ಗಿರಣಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಕರ್ಪೂರ ಬೆಳಗಿದಳು. ಅದು ಆರಿದ ಮೇಲೆ ಇಂಜಿನ್ನು ಗುಡುಗಿತು, ಕಲ್ಲು ತಿರುಗಿತು. ಅಕ್ಕನ ವರಿ ಬಿಳಿ ಹಿಟ್ಟಾಗಿ ಡಬ್ಬಿಗೆ ಇಳಿಯಿತು. ಅವಳು ಬೆರಳಲ್ಲಿ ತಿಕ್ಕಿ ನೋಡಿದಳು, ಮೂಸಿದಳು, ಚಿಟಿಕೆ ನಾಲಿಗೆಗೆ ಹಚ್ಚಿದಳು.

"ಸಣ್ಣಾಗೇತಿ" ಅಂದಳು. "ಊರಾಗಿನ ಗಿರಣಿಕಿಂತ ಸಣ್ಣಾಗೇತಿ."

ಅಷ್ಟೇ ಸಾಕಾಯಿತು. ಡಬ್ಬಿಗಳು ಒಂದಕ್ಕೊಂದು ಬಡಿದಾಡುತ್ತ ಮುಂದೆ ನುಗ್ಗಿದವು. ಮೊಮ್ಮಗಳು ನನ್ನ ಹೆಗಲಿಗೆ ಮುಖ ಇಟ್ಟು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ.

ಅಕ್ಕ ಹೋಗುವಾಗ ಗಿರಣಿಯವನಿಗೆ ತಾಕೀತು ಮಾಡಿದಳು: "ಬರೂ ಏಕಾದಶಿಗೂ ಮೊದಲನೇ ಪಾಳಿ ನಂದ. ಈಗ ಹೇಳಿ ಇಟ್ಟೀನಿ. ಗಿರಣಿ ಎತ್ತಿಗಿತ್ತೀ ಮತ್ತ!"

ಹಿಂದಿನಿಂದ ಒಬ್ಬಳು ಕೂಗಿದಳು: "ಮೊದಲನೇ ಪಾಳಿ ನಿಮಗ ಯಾಕ್ರಿ ಅಕ್ಕಾ? ಆ ಗುಡ್ಡದಾಗ ನಿಮ್ಮ ಮನೀ ಕಸ ಒಂದ ಐತೇನ್ರಿ? ನಮ್ಮದೂ ಐತಿ!"